ಬದುಕಿದ್ದವಳಿಗೆ ಇಟ್ಟ ಎಡೆ

ಫೋನನ್ನು ಆರಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡಿದ್ದರೂ ಅದು ಎದೆಯ ಮೇಲೆ ನಡುಗಿದಂತೆ ಅನ್ನಿಸಿ ಅಂತೋಸ್ ಮತ್ತೆ ತೆಗೆದು ನೋಡಿದ. ಬರೀ ಕಪ್ಪು ಗಾಜು. ಅದರಲ್ಲಿ ತನ್ನ ನರೆತ ಗಡ್ಡ, ಕನ್ನಡಕ, ಹಿಂದಿನ ಸೀಟಿನ ಹೆಂಗಸಿನ ಹಸಿರು ಉಣ್ಣೆ ಟೋಪಿ. ಆನ್ ಮಾಡಿದರೆ ಮಗಳು ರಹ್ನೇದಾ ಬಿಡುಗಡೆಯಾದಳೋ ಇಲ್ಲವೋ ಎಂದು ಗೊತ್ತಾಗುತ್ತಿತ್ತು. ಆದರೆ ಆನ್ ಮಾಡಿದ ಮರುಗಳಿಗೆಯೇ ಸ್ತಾಖ್ ಫೋನ್ ಮಾಡುತ್ತಿದ್ದ, ಎಲ್ಲಿದ್ದೀರಿ, ಜನ ಸೇರುತ್ತಿದ್ದಾರೆ ಎಂದು ಕೇಳುತ್ತಿದ್ದ, ಮತ್ತು ಇಪ್ಪತ್ತು ವರ್ಷ ಪಕ್ಷದಲ್ಲಿ ಜೊತೆಗೆ ದುಡಿದ ಸ್ತಾಖ್‌ಗೆ ಸುಳ್ಳು ಹೇಳುವಷ್ಟು ನಾಲಿಗೆ ಇವನಿಗೆ ಇನ್ನೂ ಪಳಗಿರಲಿಲ್ಲ. ಹೆಂಡತಿಗೆ ಹೇಳುವಷ್ಟು ಪಳಗಿತ್ತು. ಅಕ್ಕನಿಗೆ ಹುಷಾರಿಲ್ಲ, ಊರಿಗೆ ಹೋಗಿ ಬರುತ್ತೇನೆ ಎಂದು ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತಾ, ನೆಲ ನೋಡುತ್ತಾ ಹೇಳಿದ್ದ. ಯಾದ್ವಿಗಾ ಅವನ ಮುಖ ನೋಡಲಿಲ್ಲ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದ ಚೀಲವನ್ನು ನೋಡಿದಳು. ದಪ್ಪ ಕಾಲುಚೀಲ, ಸಾಬೂನು, ಹಲ್ಲುಜ್ಜುವ ಬ್ರಷ್, ಬಿ.ಪಿ. ಮಾತ್ರೆ, ಲೇಸಿಲ್ಲದ ಚಪ್ಪಲಿ. ಅವರ ಪಕ್ಷದವರೆಲ್ಲರ ಮನೆಯ ಬಾಗಿಲ ಹಿಂದೆಯೂ, ಪೊಲೀಸರು ಹಿಡಿದೊಯ್ದರೆ ಇರಲಿ ಎಂದು, ಅಂಥದೊಂದು ಚೀಲ ಇರುತ್ತದೆ, ಬೀದಿಗಿಳಿಯುವ ದಿನ ಅದು ಹೆಗಲಿಗೇರುತ್ತದೆ. ಹಿರಿಯರ ಹಬ್ಬದ ದಿನ ಆ ಚೀಲವಿಲ್ಲದೆ ಅವನು ಮನೆಯಿಂದ ಹೊರಟದ್ದು ಇದೇ ಮೊದಲು. ಯಾದ್ವಿಗಾ ಅವನ ಕೋಟಿನ ಮೇಲಿನ ಗುಂಡಿ ಹಾಕಿ, ಗಾಳಿ ಇದೆ ಎಂದಳು ಅಷ್ಟೆ.

ಬಸ್ಸು ಮಿನ್ಸ್ಕ್ ದಾಟಿ ಬಯಲಿಗೆ ಬಿದ್ದಿತ್ತು. ಅಗೆದು ಮುಗಿಸಿದ ಆಲೂಗಡ್ಡೆ ಹೊಲಗಳ ಮೇಲೆ ಕಾಗೆಗಳು ಕೂತಿದ್ದವು. ಮಧ್ಯಾಹ್ನದ ಹೊತ್ತಿಗೆ ಜನ ಶಿಲುಬೆಗಳನ್ನು ಹೊತ್ತು ಮಿನ್ಸ್ಕಿನ ಅಂಚಿನ ಪೈನ್ ಕಾಡಿಗೆ ಹೊರಡುತ್ತಾರೆ, ಹಿಂದೊಂದು ಕಾಲದಲ್ಲಿ ಸರ್ಕಾರದವರು ಗುಂಡು ಹೊಡೆದು ಹೂತವರ ಹತ್ತಿರ. ಆ ಸತ್ತವರನ್ನು ಎಡೆಗೆ ಕರೆಯುವವನು ಅಂತೋಸ್. ಪ್ರತಿವರ್ಷವೂ ಅವನೇ. ಭಾಷಾಶಾಸ್ತ್ರದ ಮೇಷ್ಟ್ರನ್ನು ರಾಜಕಾರಣಿ ಮಾಡಿದ್ದೇ ಆ ಕರೆ. ಮೊದಲನೇ ಸಲ, ಇನ್ನೂ ಕಪ್ಪು ಗಡ್ಡದ ಕಾಲದಲ್ಲಿ, ಹಳ್ಳಿಯ ಮುದುಕಿಯರಿಂದ ಕೇಳಿದ್ದನ್ನು ಮೈಕಿನಲ್ಲಿ ಕೂಗಿದಾಗ ಕಾಡಿನ ತುಂಬ ನಿಂತಿದ್ದ ಜನ ತಮ್ಮ ತಮ್ಮ ಸತ್ತವರ ಹೆಸರು ಹೇಳಿಕೊಂಡು ಅತ್ತಿದ್ದರು. ಆಮೇಲೆ ಅವನಿಗೆ ಪಾಠದ ಕೋಣೆ ಸಪ್ಪೆಯಾಯಿತು, ಪಾಠದ ಕೋಣೆಗೆ ಅವನು ಬೇಡವಾದ. ಈಗ ರಾಜಕಾರಣಿ ಎಂದರೆ ಅವನಿಗೇ ನಗು ಬರುತ್ತದೆ. ಇಡೀ ಪಕ್ಷ ಒಂದು ಬಸ್ಸಿನಲ್ಲಿ ಹಿಡಿಸುತ್ತದೆ. ಪೊಲೀಸರ ಬಸ್ಸಿನಲ್ಲಿ ಹಲವು ಸಲ ಹಿಡಿಸಿಯೂ ಇದೆ. ಕಂಡಕ್ಟರ್ ಬಂದಾಗ ಅವನು ತನ್ನ ನಾಡಿನ ಭಾಷೆಯಲ್ಲೇ ಟಿಕೆಟ್ ಕೇಳಿದ. ಅವಳು ಟಿಕೆಟ್ ಹರಿಯುತ್ತಾ, ನೆಟ್ಟಗೆ ಮಾತಾಡೋಕೆ ಏನಾಗಿದೆ ನಿಮಗೆ, ಇದೇನು ನಾಟಕದ ಸ್ಟೇಜಾ ಎಂದಳು. ಬೇರೆ ದಿನವಾಗಿದ್ದರೆ ಅವನ ಬಳಿ ಉತ್ತರವಿತ್ತು, ಮೂರು ಉತ್ತರಗಳಿದ್ದವು. ಇವತ್ತು ಅವನು ಅವಳ ಭಾಷೆಯಲ್ಲಿ, ರಷ್ಯನ್ನಿನಲ್ಲಿ, ಕ್ಷಮಿಸಿ ಎಂದ. ಹೇಳಿದ ಮೇಲೆ ಕಿವಿ ಬಿಸಿಯಾಯಿತು.

ವದೀಮ್ ಮಾತ್ರ ರಷ್ಯನ್ನಿನಲ್ಲಿ ಮಾತಾಡಿರಲಿಲ್ಲ. ಅದೇ ಅಂತೋಸನಿಗೆ ಹಿಂಸೆ. ಭದ್ರತಾ ಇಲಾಖೆಯ ಆ ಹುಡುಗ (ಹುಡುಗನೇನು, ಈಗ ಹೊಟ್ಟೆ ಬಂದ ಗಂಡಸು) ಅಪಾರ್ಟ್‌ಮೆಂಟಿನ ಮೆಟ್ಟಿಲ ಬುಡದಲ್ಲಿ ಹೋದ ವಾರ ಕಾದಿದ್ದ. ಅಂತೋಸನ ಕೈಯಿಂದ ಆಲೂಗಡ್ಡೆಯ ಚೀಲ ತೆಗೆದುಕೊಂಡು, ಲಿಫ್ಟ್ ಕೆಟ್ಟಿದೆ ಸಾರ್, ಕೊಡಿ ಇಲ್ಲಿ ಎಂದು ಮೇಲಿನ ಮಹಡಿಯವರೆಗೂ ಹೊತ್ತು ತಂದ. ಮೂರನೇ ವರ್ಷದಲ್ಲಿ ನಿಮ್ಮ ಕ್ಲಾಸಿನಲ್ಲಿ ಕೂತಿದ್ದೆ ಎಂದ. ಅಂತೋಸನ ಪಕ್ಷದ ಅರ್ಧ ಜನಕ್ಕಿಂತ ಅವನ ಮಾತು ಚೊಕ್ಕವಾಗಿತ್ತು. ರಹ್ನೇದಾ ವಿಶ್ವವಿದ್ಯಾಲಯದ ಚಾವಣಿ ಹತ್ತಿ ಸರ್ಕಾರ ನಿಷೇಧಿಸಿದ ಹಳೆಯ ಬಾವುಟ ಕಟ್ಟಿದ್ದಕ್ಕೆ ವರ್ಷಗಟ್ಟಲೆ ಒಳಗಿರಬೇಕಾಗಬಹುದು ಎನ್ನುವುದನ್ನು ಅವನು ಬಹಳ ಬೇಸರದಿಂದ, ಮನೆಯವನೊಬ್ಬ ಹೇಳುವ ಹಾಗೆ ಹೇಳಿದ.

"ಸಹಿ ಗಿಹಿ ಏನೂ ಬೇಡ ಸಾರ್. ಹಬ್ಬದ ದಿನ ನೀವು ನಿಮ್ಮೂರಿಗೆ ಹೋಗಿ, ಅಷ್ಟೆ. ನೀವೇ ಪಾಠದಲ್ಲಿ ಹೇಳ್ತಿದ್ರಲ್ಲ, ಹಿರಿಯರ ಎಡೆ ಅನ್ನೋದು ಮನೆಯೊಳಗಿಂದು, ಬೀದೀದಲ್ಲ ಅಂತ. ಮಧ್ಯಾಹ್ನದೊಳಗೆ ಮಗಳು ಹೊರಗಿರ್ತಾಳೆ."

ಹೌದು, ಹೇಳಿದ್ದ. ಯಾವ ವರ್ಷ, ಯಾವ ಕೋಣೆ, ಎಲ್ಲ ನೆನಪಿದೆ. ಅಂತೋಸ್ ಆಗ ಒಪ್ಪಲಿಲ್ಲ, ನಿರಾಕರಿಸಲೂ ಇಲ್ಲ. ಆಲೂಗಡ್ಡೆಯ ಚೀಲ ವಾಪಸು ತೆಗೆದುಕೊಂಡು, ಥ್ಯಾಂಕ್ಸ್ ಅಂದ. ಆ ಒಂದು ಮಾತು ಆವತ್ತಿನಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. ಯಾತಕ್ಕೆ ಥ್ಯಾಂಕ್ಸ್? ಚೀಲ ಹೊತ್ತದ್ದಕ್ಕೆ ಎಂದು ಬಸ್ಸಿನ ಕಿಟಕಿಗೆ ಹಣೆ ಒತ್ತಿ ಅವನು ತನಗೆ ತಾನೇ ಹೇಳಿಕೊಂಡ. ಯಾರ ಮಗಳೇ ಆಗಿರಲಿ, ಯಾವ ಅಪ್ಪ ಬೇಡ ಎನ್ನುತ್ತಾನೆ? ಇಷ್ಟಕ್ಕೂ ಒಂದು ವರ್ಷ ಅವನು ಹೋಗದಿದ್ದರೆ ಸತ್ತವರೇನು ಎದ್ದುಹೋಗುವುದಿಲ್ಲ. ಈ ಕೊನೆಯ ವಾದ ಬಹಳ ಚೆನ್ನಾಗಿತ್ತು. ಅಷ್ಟು ಚೆನ್ನಾಗಿತ್ತು ಎಂಬುದಕ್ಕೇ ಅವನಿಗೆ ಅದರ ಮೇಲೆ ಅನುಮಾನ ಬಂತು.

ಅಕ್ಕ ತೇಕ್ಲಾ ಗೇಟಿನಲ್ಲೇ ನಿಂತಿದ್ದಳು. ಹೈನುಮನೆಯಲ್ಲಿ ನಲವತ್ತು ವರ್ಷ ಹಾಲು ಕರೆದ ಅವಳ ಬೆರಳುಗಳು ಈಗ ಪೂರ್ತಿ ಮಡಚುವುದಿಲ್ಲ. "ಬಂದ್ಯಾ? ಕಾಲು ಒರೆಸ್ಕೊಂಡ್ ಬಾ" ಎಂದಳು, ಅವನು ಹಬ್ಬಕ್ಕೆ ಪ್ರತಿವರ್ಷ ಬರುವವನೇ ಎಂಬ ಹಾಗೆ. ಅಮ್ಮ ಸತ್ತ ಮೇಲೆ ಅವನು ಈ ದಿನ ಈ ಮನೆಯಲ್ಲಿ ಇದ್ದದ್ದೇ ಇಲ್ಲ. ಒಲೆಯ ಪಕ್ಕದ ಬೆಂಚಿನ ಮೇಲೆ ಪಕ್ಕದ ಮನೆಯ ಮಿಕೀತಾ ಕೂತಿದ್ದ, ಹೆಂಡತಿ ತೀರಿಕೊಂಡ ಮೇಲೆ ಅವನ ಎಡೆಯೂ ಇಲ್ಲೇ. ಟಿವಿಯಲ್ಲಿ ನಿನ್ನ ತೋರಿಸಿದರು ಎಂದ ಮಿಕೀತಾ. ಅಮೆರಿಕದವರು ಚೀಲಗಟ್ಟಲೆ ದುಡ್ಡು ಕೊಟ್ಟಿದ್ದಾರಂತೆ. ನಾನು ತೇಕ್ಲಾಗೆ ಹೇಳಿದೆ, ಕೊಟ್ಟಿದ್ದರೆ ಆ ಬೂಟು ಹಾಕಿಕೊಂಡು ಯಾಕೆ ತಿರುಗುತ್ತಿದ್ದ ಅಂತ. ಅಂತೋಸ್ ತನ್ನ ಬೂಟು ನೋಡಿಕೊಂಡು ನಕ್ಕ. ನಕ್ಕಿದ್ದು ಒಳ್ಳೆಯದಾಯಿತು. ಮಗಳು ಎಲ್ಲಿ ಎಂದು ತೇಕ್ಲಾ ಕೇಳಿದ ಪ್ರಶ್ನೆ ಆ ನಗುವಿನಲ್ಲಿ ತೇಲಿಹೋಯಿತು. ಓದುತ್ತಿದ್ದಾಳೆ ಎಂದ. ಮೂರು ವಾರದಿಂದ ಲಾಕಪ್ಪಿನಲ್ಲಿದ್ದಾಳೆ ಎಂದು ಅಕ್ಕನಿಗೆ ಹೇಳಿರಲಿಲ್ಲ, ಟಿವಿಯವರೂ ಹೇಳಿರಲಿಲ್ಲ.

ಬೇರೆ ಮನೆಗಳಲ್ಲಿ ಹಿರಿಯರನ್ನು ಕರೆಯುವುದು ಮುಸ್ಸಂಜೆಗೆ. ಈ ಮನೆಯಲ್ಲಿ ಮಾತ್ರ ನಡುಮಧ್ಯಾಹ್ನ. ಪೊಲೀಸರು ಅಜ್ಜ ಪ್ರಕಾಪನನ್ನು ಹಾಸಿಗೆಯಿಂದ ಎಬ್ಬಿಸಿ ಕರೆದುಕೊಂಡು ಹೋಗಿ, ಅವನು ತಿರುಗಿ ಬಾರದ ಮೇಲೆ ಅಜ್ಜಿಗೆ ಸಂಜೆಯ ಮೇಣದಬತ್ತಿಯ ಭಯ ಹಿಡಿಯಿತು. ಬೆಳಕು ಕಿಟಕಿಯಿಂದ ಹೊರಗೆ ಕಾಣುತ್ತದೆ, ಕಂಡವರು ಯಾರಿಗಾಗಿ ಎಂದು ಕೇಳುತ್ತಾರೆ. ಹಾಡಹಗಲಲ್ಲಿ ಹಚ್ಚಿದರೆ ಯಾರಿಗೂ ಕಾಣದು, ನೋಡಿದವರಿಗೆ ಮಧ್ಯಾಹ್ನದ ಊಟದ ಹಾಗಿರುತ್ತದೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ತೇಕ್ಲಾಗೆ ಭಯ ಬರಲಿಲ್ಲ, ಬರೀ ಹೊತ್ತು ಬಂತು. ಪ್ರಕಾಪನ ಸರದಿ ಬಂದಾಗ ಅಮ್ಮ ಬರೀ ತುಟಿ ಆಡಿಸುತ್ತಿದ್ದಳು, ದನಿ ಇರುತ್ತಿರಲಿಲ್ಲ. ಮೇಜಿನ ಕೆಳಗಿನಿಂದ ಅದನ್ನು ನೋಡುತ್ತಿದ್ದ ಪೋರ ಮುಂದೆ ಇಡೀ ದೇಶದ ಎದುರು ಮೈಕಿನಲ್ಲಿ ಸತ್ತವರನ್ನು ಕೂಗಿದ. ಆದರೆ ಆ ಕಾಡಿನಲ್ಲೂ ಅವನು ಪ್ರಕಾಪ ಎಂಬ ಹೆಸರನ್ನು ಒಮ್ಮೆಯೂ ಎತ್ತಿಲ್ಲ. ಇಲ್ಲಿ ಮಲಗಿದವರೆಲ್ಲ ಬನ್ನಿ ಎನ್ನುತ್ತಿದ್ದ. ಎಲ್ಲರನ್ನೂ ಎಂದರೆ ಸಾಕಲ್ಲ ಎಂದುಕೊಂಡಿದ್ದ. ಈಗ ತೇಕ್ಲಾ ಮೇಣದಬತ್ತಿ ಹಚ್ಚಿ ಕಿಟಕಿಯನ್ನು ಬೆರಳಗಲ ತೆರೆದಾಗ, ಅಮ್ಮನ ತುಟಿ ತನಗೂ ಬಂದಿದೆ ಎಂದು ಅವನಿಗೆ ಹೊಳೆಯಿತು.

ಮೇಜಿನ ಮೇಲೆ ದೋಸೆಯ ಅಟ್ಟಿ, ಹಂದಿಮಾಂಸದ ಸಾಸೇಜು, ನಡುವೆ ಜೇನು ಹಾಕಿ ಬೇಯಿಸಿದ ಗೋಧಿಯ ಕುತ್ಯಾ. ಸತ್ತವರಿಗೆಂದು ಒಂದು ಖಾಲಿ ಬಟ್ಟಲು. ಗಂಡಸು ಮನೆಯಲ್ಲಿರುವಾಗ ತಾನು ಯಾಕೆ ಕರೆಯಲಿ ಎಂದು ತೇಕ್ಲಾ ಚಮಚವನ್ನು ಅವನ ಕೈಗಿಟ್ಟಳು. ಅವಳ ಮುಖದಲ್ಲಿ ಹಬ್ಬವಿತ್ತು. ಅಂತೋಸನಿಗೆ ಗಡಿಯಾರ ಕಾಣುತ್ತಿತ್ತು. ಈ ಹೊತ್ತಿಗೆ ಶಿಲುಬೆಗಳನ್ನು ಲಾರಿಯಿಂದ ಇಳಿಸುತ್ತಿರುತ್ತಾರೆ. ಸ್ತಾಖ್ ಫೋನ್ ಹಿಡಿದು ಅತ್ತ ಇತ್ತ ಓಡಾಡುತ್ತಿರುತ್ತಾನೆ. ಲಾಕಪ್ಪಿನ ಕಬ್ಬಿಣದ ಗೇಟು ತೆರೆದಿರುತ್ತದೆಯೇ? ತೆರೆದಿದ್ದರೆ ಅವಳು ಹೊರಗೆ ಬಂದು ಯಾವ ಕಡೆ ತಿರುಗುತ್ತಾಳೆ, ಬಸ್ ಸ್ಟಾಪು ಎಡಕ್ಕಿದೆ, ಅವಳ ಕೋಟು ತೆಳ್ಳಗಿನದು. ಅಪ್ಪ ಇಗ್ನಾತ್, ಬಾ, ನಿನ್ನ ಪಾಲು ತಗೋ ಎಂದು ಅವನು ಒಂದು ಚಮಚ ಬಟ್ಟಲಿಗೆ ಹಾಕಿದ. ಅಮ್ಮ ಔದೋತ್ಯಾ, ಬಾ. ದನಿ ತಾನಾಗಿ ಎದ್ದಿತ್ತು, ಮೈಕಿನ ದನಿಯಲ್ಲ, ಇನ್ನೂ ಹಳೆಯದು. ಮಿಕೀತಾನ ಹೆಂಡತಿ ಮಾಲಾನ್ಯಾ, ಬಾ. ಮಿಕೀತಾ ತೋಳಿನಿಂದ ಮೂಗು ಒರೆಸಿಕೊಂಡ. ಇನ್ನು ಪ್ರಕಾಪ. ಅಂತೋಸ್ ಚಮಚ ತುಂಬಿದ, ಬಾಯಿ ತೆರೆದ, ಮನಸ್ಸು ಆ ಗೇಟಿನ ಮುಂದೆ ನಿಂತಿತ್ತು.

"ರಹ್ನೇದಾ, ಬಾ, ನಿನ್ನ ಪಾಲು ತಗೋ."

ಚಮಚ ಬಟ್ಟಲಿಗೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು. ಮಿಕೀತಾ ಟೋಪಿ ಹುಡುಕುವವನಂತೆ ಬೆಂಚಿನ ಮೇಲೆ ತಡಕಾಡಿದ. ತೇಕ್ಲಾ ಮೊದಲು ಕಿಟಕಿ ಮುಚ್ಚಿದಳು, ಆಮೇಲೆ ಬತ್ತಿಯನ್ನು ಬೆರಳಿನಿಂದ ಹೊಸಕಿ ಆರಿಸಿದಳು.

"ಯಾರನ್ನ ಕರೆದ್ಯೋ ನೀನು?" ಎಂದಳು. ಅವಳ ದನಿ ಏರಿರಲಿಲ್ಲ. "ಆ ಮಗು ಎಲ್ಲಿದೆ? ನಿಜ ಹೇಳು."

ಅವನು ನಿಜ ಹೇಳಿದ. ಬಾವುಟ, ಲಾಕಪ್ಪು, ಮೆಟ್ಟಿಲಲ್ಲಿ ಆಲೂಗಡ್ಡೆ ಹೊತ್ತ ವದೀಮ್, ಇವತ್ತು ತಾನು ಇಲ್ಲಿ ಯಾಕೆ ಇದ್ದೇನೆ, ಎಲ್ಲ. ಹೇಳುತ್ತಾ ಹೋದ ಹಾಗೆ ಅದು ಬಹಳ ಚಿಕ್ಕ ಕಥೆಯಾಯಿತು. ಹೇಳುವಾಗಲೂ ಅವನ ತಲೆಯಲ್ಲಿ ಬೇರೊಂದು ದನಿ ಓಡುತ್ತಿತ್ತು: ಕಾಲೇಜಿನ ಭಾರದ ಟೇಪ್ ರೆಕಾರ್ಡರ್ ಹೊತ್ತು ಜೌಗುನೆಲದ ಹಳ್ಳಿಗಳಲ್ಲಿ ತಿರುಗುತ್ತಿದ್ದ ಬೇಸಿಗೆಯಲ್ಲಿ, ಹಲ್ಲಿಲ್ಲದ ಒಬ್ಬ ಮುದುಕಿ ಹೇಳಿದ್ದಳು. ಬದುಕಿರುವವರನ್ನು ಎಡೆಗೆ ಕರೆದುಬಿಟ್ಟರೆ, ಕರೆದವನೇ ಆ ಪಾಲನ್ನು ತಗೊಂಡು ಹೋಗಿ ಹೊತ್ತು ಮುಳುಗುವುದರೊಳಗೆ ಕೈಯಾರೆ ತಿನ್ನಿಸಬೇಕು, ಇಲ್ಲವಾದರೆ ಅವರು ಆ ಕಡೆಯವರಾಗುತ್ತಾರೆ. ಟೇಪು ಸರಿಯಾಗಿ ಹಿಡಿಯಲಿಲ್ಲ ಅಜ್ಜಿ, ಇನ್ನೊಂದು ಸಲ ಹೇಳಿ ಎಂದು ಕೇಳಿದ್ದಕ್ಕೆ ಅವಳು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ಅದನ್ನವನು ತನ್ನ ಪುಸ್ತಕದಲ್ಲಿ ಅಡಿಟಿಪ್ಪಣಿ ಮಾಡಿದ್ದ, ಅಳಿದುಳಿದ ನಂಬಿಕೆ ಎಂದು ಕರೆದಿದ್ದ. ಈಗ ಅಡಿಟಿಪ್ಪಣಿ ಬರೆದವನೇ ಕಿಟಕಿಯಾಚೆ ಸೂರ್ಯ ಎಲ್ಲಿದ್ದಾನೆಂದು ನೋಡುತ್ತಿದ್ದ. ನಂಬುತ್ತೇನೆಯೇ? ಇಲ್ಲ. ಕೂತಿರಬಲ್ಲೆನೇ? ಅದೂ ಇಲ್ಲ.

ಆ ನಂಬಿಕೆ ತೇಕ್ಲಾಗೂ ಗೊತ್ತಿತ್ತು, ಅವಳು ಆಗಲೇ ಬಟ್ಟಲಿನ ಬಾಯಿಗೆ ಒಗೆದ ಬಟ್ಟೆ ಸುತ್ತಿ ಗಂಟು ಹಾಕುತ್ತಿದ್ದಳು. ಬಗ್ಗದ ಬೆರಳುಗಳಿಗೆ ಗಂಟು ಬೀಳುತ್ತಿರಲಿಲ್ಲ. ಅವನು ಕೈ ಕೊಡಲು ಹೋದರೆ ತಳ್ಳಿದಳು. ಅಮ್ಮ ದನಿ ಮುಚ್ಚಿಕೊಂಡಳು, ನೀನು ಕಾಲು ಹಿಂದೆಗೆದೆ, ಎಲ್ಲ ಮಕ್ಕಳಿಗೋಸ್ಕರವೇ ಎಂದಳು. ಬೈಗುಳವಾಗಿ ಹೇಳಲಿಲ್ಲ. ಅಳುತ್ತಿದ್ದಳು. ಅಂತೋಸ್ ಫೋನು ಆನ್ ಮಾಡಿದ. ಅದು ಕೈಯಲ್ಲಿ ಒಂದೇ ಸಮನೆ ನಡುಗಿತು: ಸ್ತಾಖ್, ಸ್ತಾಖ್, ಸ್ತಾಖ್, ಪತ್ರಿಕೆಯವರು ಯಾರೋ, ಮತ್ತೆ ಸ್ತಾಖ್. ಎಲ್ಲಕ್ಕಿಂತ ಕೊನೆಗೆ ಯಾದ್ವಿಗಾಳ ಸಂದೇಶ. ಬಿಟ್ಟಿದ್ದಾರೆ, ಮನೆಗೆ ಬರಲಿಲ್ಲ, ಲಾಕಪ್ಪಿಗೆ ಒಯ್ದಿದ್ದ ತನ್ನ ಚೀಲದ ಸಮೇತ ನೇರ ಅಲ್ಲಿಗೇ ಹೋಗಿದ್ದಾಳೆ. ಇಷ್ಟೇ ಇತ್ತು. ಎಲ್ಲಿಗೆ ಎಂದು ಬರೆಯುವ ಅಗತ್ಯ ಅವಳಿಗೆ ಕಂಡಿರಲಿಲ್ಲ, ಅಕ್ಕ ಹೇಗಿದ್ದಾಳೆ ಎಂದೂ ಕೇಳಿರಲಿಲ್ಲ.

ಮಿಕೀತಾನ ಹಳೆಯ ಕಾರು ಏರಿನಲ್ಲಿ ಕೆಮ್ಮುತ್ತಿತ್ತು. ಬಟ್ಟಲು ಅಂತೋಸನ ತೊಡೆಯ ಮೇಲೆ ಇನ್ನೂ ಬೆಚ್ಚಗಿತ್ತು, ಅದನ್ನವನು ಎರಡೂ ಕೈಯಲ್ಲಿ ಹಿಡಿದಿದ್ದ. ನವೆಂಬರಿನ ಸೂರ್ಯ ಬೇಗ ಜಾರುತ್ತಾನೆ, ಆಗಲೇ ಎಡಗಡೆಯ ಪೈನ್ ಮರಗಳ ಸಾಲಿಗೆ ಇಳಿದಿದ್ದ. ರೈಲ್ವೆ ಗೇಟು ಹಾಕಿತ್ತು. ಸಿಮೆಂಟು ಹೊತ್ತ ಗೂಡ್ಸು ಮುಗಿಯುವುದೇ ಇಲ್ಲವೆಂಬಂತೆ ಹೋಗುತ್ತಿತ್ತು. ಪ್ರತಿ ಡಬ್ಬಿಯ ಸಂದಿನಲ್ಲೂ ಅವನಿಗೆ ಸೂರ್ಯ ಕಾಣುತ್ತಿದ್ದ. ಹೋದರೆ ವದೀಮ್ ಕೊಟ್ಟ ಮಾತು ಮುರಿಯುತ್ತದೆ, ಕೇಸು ಇನ್ನೂ ಮುಚ್ಚಿಲ್ಲ, ಅವಳನ್ನು ಮತ್ತೆ ಒಯ್ಯಬಹುದು. ಹೋಗದಿದ್ದರೆ? ಹೋಗದಿದ್ದರೆ ಏನೂ ಆಗುವುದಿಲ್ಲ, ಜೇನು ಹಾಕಿದ ಗೋಧಿ ತಣ್ಣಗಾಗುತ್ತದೆ, ವಿದ್ಯಾವಂತನಾದ ಅವನಿಗೆ ಅದು ಗೊತ್ತು. ಆದರೂ ಬಟ್ಟಲನ್ನು ಕೆಳಗಿಡಲು ಅವನ ಕೈ ಒಪ್ಪಲಿಲ್ಲ. ಅವನು ಮಗಳನ್ನು ಬದುಕಿಸಲೆಂದು ಊರಿಗೆ ಓಡಿಬಂದು, ಊರಿನಲ್ಲಿ ಕೂತು ತನ್ನ ಬಾಯಾರೆ ಅವಳನ್ನು ಸತ್ತವರ ಸಾಲಿಗೆ ಸೇರಿಸಿದ್ದ. ಇನ್ನು ಯಾವ ಮುಖ ಇಟ್ಟುಕೊಂಡು ಲೆಕ್ಕಾಚಾರ ಮಾಡುವುದು.

ಕಾಡು ಕಾಣುವ ತಿರುವಿಗೆ ಸ್ವಲ್ಪ ಮೊದಲೇ ಮಿಕೀತಾ ಕಾರು ನಿಲ್ಲಿಸಿದ. ಸ್ಟೀರಿಂಗಿನಿಂದ ಕೈ ತೆಗೆಯದೆ ಮುಂದೆಯೇ ನೋಡುತ್ತಾ ಹೇಳಿದ:

"ಇನ್ನು ಮುಂದಕ್ಕೆ ನಂಬರ್ ಪ್ಲೇಟ್ ಬರ್ಕೊಳ್ತಾರೆ ಕಣಪ್ಪ. ನನ್ನ ಮಗ ಸರ್ಕಾರಿ ಕೆಲಸದಲ್ಲಿದ್ದಾನೆ. ಬೇಜಾರ್ ಮಾಡ್ಕೋಬೇಡ."

ಹೋದ ವರ್ಷದ ಅಂತೋಸ್ ಆಗಿದ್ದರೆ ಇಂಥವನಿಗೆ ಒಂದು ಸಣ್ಣ ಭಾಷಣ ಮಾಡುತ್ತಿದ್ದ. ಇವತ್ತು ಅವನು ಮಿಕೀತಾನ ತೋಳು ಒತ್ತಿ ಇಳಿದ.

ರಸ್ತೆಯಂಚಿನಲ್ಲಿ ಬೂದುಬಣ್ಣದ ವ್ಯಾನು, ಅದಕ್ಕೆ ಒರಗಿಕೊಂಡು ಒಂದೇ ಥರದ ಟೋಪಿ ಹಾಕಿದ ಗಂಡಸರು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದರು. ವದೀಮ್ ಅವನನ್ನು ದೂರದಿಂದಲೇ ಕಂಡು ನಡೆದುಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿತ್ತು, ಅದೇ ಅಂತೋಸನಿಗೆ ಸಹಿಸಲಾಗದೆ ಹೋಯಿತು.

"ನಾನು ಮಾತು ಉಳಿಸ್ಕೊಂಡೆ ಸಾರ್."

"ಮಗಳಿಗೆ ಊಟ ತಂದಿದ್ದೀನಿ" ಎಂದ ಅಂತೋಸ್.

ವದೀಮ್ ಬಟ್ಟೆ ಸುತ್ತಿದ ಬಟ್ಟಲನ್ನು ನೋಡಿದ, ಸೂರ್ಯನನ್ನು ನೋಡಿದ. ಆ ಅಡಿಟಿಪ್ಪಣಿಯನ್ನು ಅವನೂ ಓದಿದ್ದನೋ ಏನೋ. ಕೊಟ್ಟು ಸುಮ್ಮನೆ ವಾಪಸು ಬನ್ನಿ, ನಾನು ನೋಡಿಲ್ಲ ಎಂದುಕೊಳ್ಳುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿ ದಾರಿ ಬಿಟ್ಟ. ಅಂತೋಸನ ತುದಿನಾಲಿಗೆಗೆ ಥ್ಯಾಂಕ್ಸ್ ಬಂತು. ಈ ಸಲ ಅವನು ಅದನ್ನು ನುಂಗಿದ.

ಜನ ದಿಬ್ಬದ ಮೇಲಿನ ದೊಡ್ಡ ಶಿಲುಬೆಯ ಸುತ್ತ ಸೇರಿದ್ದರು. ಹೋದ ವರ್ಷಕ್ಕಿಂತ ಕಡಿಮೆ. ಎಲ್ಲಕ್ಕಿಂತ ಮುಂದೆ, ಅವನು ನಿಲ್ಲುವ ಜಾಗದಲ್ಲಿ, ಸುಕ್ಕಾದ ತೆಳ್ಳನೆಯ ಕೋಟಿನಲ್ಲಿ ರಹ್ನೇದಾ ನಿಂತಿದ್ದಳು, ಹೆಗಲಲ್ಲಿ ಚೀಲ. ಕೂದಲು ತೊಳೆದು ಬಹಳ ದಿನವಾಗಿತ್ತು. ಜನ ಅವನನ್ನು ಕಂಡು ದಾರಿ ಬಿಟ್ಟರು, ಯಾರೂ ಮಾತಾಡಿಸಲಿಲ್ಲ. ಕೈಮೈಕು ಹಿಡಿದಿದ್ದ ಸ್ತಾಖ್ ಬೇರೆ ಕಡೆಗೆ ಮುಖ ತಿರುಗಿಸಿದ. ದಿಬ್ಬ ಹತ್ತುವ ಆ ನಾಲ್ಕು ಹೆಜ್ಜೆಯಲ್ಲಿ ಅಂತೋಸನಿಗೆ ಈ ನೆಲದಲ್ಲಿ ಮಲಗಿದವರೂ ಮುಖ ತಿರುಗಿಸಿಕೊಂಡ ಹಾಗೆ ಅನ್ನಿಸಿತು.

"ಹೊರಗೆ ಬಿಡುವಾಗ ಹೇಳಿದ್ರು, ನಿಮ್ಮಪ್ಪಂಗೆ ಥ್ಯಾಂಕ್ಸ್ ಹೇಳಮ್ಮ ಅಂತ" ಎಂದಳು ರಹ್ನೇದಾ. "ನಾನು ನಿನ್ನನ್ನ ಕೇಳಿದ್ನಾ ಅಪ್ಪ?"

"ಇಲ್ಲ."

"ಮತ್ತೆ?"

ಅವನು ಬಟ್ಟಲನ್ನು ಅವಳ ಮುಂದೆ ಹಿಡಿದ. ಗಂಟು ಬಿಚ್ಚಿದ. ಕುತ್ಯಾ ನೋಡಿದೊಡನೆ ಅವಳ ಮುಖ ಬದಲಾಯಿತು. ಚಿಕ್ಕವಳಿದ್ದಾಗ ರಾತ್ರಿ ಮಲಗಿಸುವಾಗ ಅವನು ಹೇಳುತ್ತಿದ್ದುದೆಲ್ಲ ಆ ಹಲ್ಲಿಲ್ಲದ ಮುದುಕಿಯರ ಕಥೆಗಳೇ. ಅವಳು ಬಟ್ಟಲನ್ನು, ಮರಗಳ ಬುಡದಲ್ಲಿ ಕೆಂಪಾಗುತ್ತಿದ್ದ ಬೆಳಕನ್ನು ನೋಡಿದಳು.

"ನನ್ನನ್ನ ಕರೆದುಬಿಟ್ಯಾ?"

ಅವನು ಹೌದೆಂದು ತಲೆ ಆಡಿಸಿದ. ಚಮಚ ತರಲು ಮರೆತಿದ್ದ. ಬೆರಳಿನಿಂದಲೇ ಒಂದು ತುತ್ತು ತೆಗೆದ. ಅಷ್ಟು ಜನರ ಎದುರಿಗೆ, ಬಾವುಟ ಕಟ್ಟಿ ಜೈಲು ಕಂಡ ಹುಡುಗಿ ಬಾಯಿ ತೆರೆದಳು. ಅವನು ತಿನ್ನಿಸಿದ, ಅವಳು ಅಗಿದಳು, ನುಂಗಿದಳು, ಇನ್ನೊಂದು ಎಂದಳು. ಹಸಿದಿದ್ದಳು. ಅವನಿಗೆ ಅಳು ಉಕ್ಕಿ ಬಂತು, ತಡೆಯಲಿಲ್ಲ. ಬಟ್ಟಲು ಖಾಲಿಯಾದ ಮೇಲೆ ಅವಳು ತೋಳಿನಿಂದ ಬಾಯಿ ಒರೆಸಿಕೊಂಡು, ಸ್ತಾಖ್‌ನ ಕೈಯಿಂದ ಮೈಕು ತೆಗೆದುಕೊಂಡು ಅಪ್ಪನ ಮುಂದೆ ಹಿಡಿದಳು. ಬೇಕಾದರೆ ತೆಗೆದುಕೋ, ಬೇಡವಾದರೆ ವ್ಯಾನು ದಾಟಿ ಮನೆಗೆ ಹೋಗು ಎಂಬ ಹಾಗೆ ಹಿಡಿದಿದ್ದಳು. ಕೆಳಗೆ ರಸ್ತೆಯಲ್ಲಿ ವದೀಮ್ ಕಾಯುತ್ತಿದ್ದ.

ಅಂತೋಸ್ ಮೈಕು ತೆಗೆದುಕೊಂಡ. ಇಲ್ಲಿ ಮಲಗಿದವರೆಲ್ಲ ಎಂದು ಶುರುಮಾಡಲು ಬಾಯಿ ತಾನಾಗಿ ತೆರೆದುಕೊಂಡಿತು. ನಿಲ್ಲಿಸಿದ. ಉಸಿರು ಎಳೆದುಕೊಂಡ.

"ಪ್ರಕಾಪಜ್ಜ" ಎಂದ, "ಬಾ."

ಆ ಹೆಸರು ಮರಗಳಿಗೆ ಬಡಿದು ವಾಪಸು ಬಂತು. ಅವರ ಮನೆಯಲ್ಲಿ ಯಾರೂ ಅದನ್ನು ದನಿಯೆತ್ತಿ ಹೇಳಿದ್ದು ಅವನು ಕೇಳಿಯೇ ಇರಲಿಲ್ಲ. ಅದು ಇಷ್ಟು ಸಾಧಾರಣ ಹೆಸರು ಎಂದು ಆಶ್ಚರ್ಯವಾಯಿತು. ವ್ಯಾನಿನ ಬಾಗಿಲು ಜಾರಿ ತೆರೆದ ಸದ್ದಾಯಿತು. ಟೋಪಿಯ ಗಂಡಸರು ಬೀಜದ ಸಿಪ್ಪೆ ಕೊಡವಿಕೊಂಡು, ಅವಸರವಿಲ್ಲದೆ, ದಿಬ್ಬದ ಕಡೆಗೆ ಬರತೊಡಗಿದರು. ಅವರ ಕಣ್ಣು ರಹ್ನೇದಾಳ ಮೇಲಿರಲಿಲ್ಲ, ಅವನ ಮೇಲಿತ್ತು. ಅವಳೂ ಅದನ್ನು ನೋಡಿದಳು. ತನ್ನ ಹೆಗಲಿನಿಂದ ಚೀಲ ಇಳಿಸಿ, ಅಪ್ಪನ ತಲೆಯ ಮೇಲಿನಿಂದ ಪಟ್ಟಿ ತೂರಿಸಿ, ಶಾಲೆಗೆ ಹೊರಟ ಮಗುವಿಗೆ ಹಾಕುವ ಹಾಗೆ ಅವನ ಹೆಗಲಿಗೆ ಹಾಕಿದಳು.

"ಸಾಬೂನು ಒದ್ದೆ ಇದೆ, ಹಾಗೇ ಹಾಕ್ಬಿಟ್ಟಿದ್ದೀನಿ" ಎಂದಳು. "ಕಾಲುಚೀಲ ನಿಂದೇ, ನಿನ್ನ ಬೀರುವಿಂದ ಕದ್ದಿದ್ದು."

ಚೀಲ ಅವಳ ಬೆನ್ನಿನ ಬಿಸಿಯನ್ನು ಇನ್ನೂ ಹಿಡಿದಿತ್ತು. ಅಂತೋಸ್ ಪಟ್ಟಿ ಸರಿಮಾಡಿಕೊಂಡು ಮುಂದಿನ ಹೆಸರು ಕರೆದ.